ಮೇಕ್ ಇನ್‌ಸ್ಟಾಲ್ ಎಂದು ಒತ್ತುವ ಮುಂಚೆ

"ನನ್ ಹೆಸ್ರು ಐತೇನವ್ವ ಅದ್ರಾಗೆ?"

2019ರ ಮಾರ್ಚ್, ಶಿವರಾತ್ರಿ ಕಳೆದು ಒಂದು ವಾರ. ಯಲ್ಲದಕೆರೆಯ ನಮ್ಮ ಮನೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಪಕ್ಕದ ಮನೆ ಅಜ್ಜಿ ಬಂದು ಕಂಬಕ್ಕೆ ಒರಗಿ ಕೇಳಿದರು. ಅವರು ಕೇಳಿದ್ದು ಬೆಳೆ ಪರಿಹಾರದ ಪಟ್ಟಿಯ ಬಗ್ಗೆ. ಆ ವರ್ಷ ಮಳೆ ಕೈಕೊಟ್ಟಿತ್ತು, ಶೇಂಗಾ ಗಿಡ ಗೇಣುದ್ದ ಬೆಳೆದು ಒಣಗಿತ್ತು. ಯಾರ ಯಾರ ಹೆಸರು ಪಟ್ಟಿಯಲ್ಲಿದೆ ಎಂದು ಒಂದು ಕಚೇರಿಯವರು ಪಿಡಿಎಫ್ ಬಿಟ್ಟಿದ್ದರು. ಅದು ಊರಿನ ವಾಟ್ಸಾಪ್ ಗುಂಪಿಗೂ ಬಂದಿತ್ತು. ಆಕ್ಷೇಪಣೆ ಕೊಡಲು ಹತ್ತು ದಿನ.

ಪಿಡಿಎಫ್ ಅಂದರೆ ಹೆಸರಿಗೆ ಮಾತ್ರ. ಇನ್ನೂರಕ್ಕೂ ಹೆಚ್ಚು ಹಾಳೆಗಳನ್ನು ಸೊಟ್ಟಸೊಟ್ಟಗೆ ಸ್ಕ್ಯಾನ್ ಮಾಡಿ ಜೋಡಿಸಿದ ಫೋಟೋಗಳು. ಊರಿನ ಪ್ರಕಾರವೂ ಇಲ್ಲ, ಅಕ್ಷರದ ಪ್ರಕಾರವೂ ಇಲ್ಲ. ಫೋಟೋದಲ್ಲಿ ಹೆಸರು ಹುಡುಕುವ ಗುಂಡಿ ಇರುವುದಿಲ್ಲ. ಫೋನಿನಲ್ಲಿ ಹಾಳೆ ದೊಡ್ಡದು ಮಾಡಿ, ಸರಿಸಿ, ಮತ್ತೆ ದೊಡ್ಡದು ಮಾಡಿ ನೋಡುತ್ತಾ ಕೂತವರು ಹತ್ತನೇ ಹಾಳೆಗೇ ಸುಸ್ತಾಗುತ್ತಿದ್ದರು. ಹೊಸದುರ್ಗದ ಗೆಳತಿ, ಹೊಳಲ್ಕೆರೆಯ ಗೆಳೆಯ, ನಾನು ಮೂವರೂ ಪತ್ರಿಕೋದ್ಯಮ ಓದುವಾಗ ಒಂದೇ ತರಗತಿ. ಅವರ ಕಡೆಯೂ ಇಂಥದ್ದೇ ಪಟ್ಟಿ ಬಂದಿತ್ತು. ಮೂವರ ಹತ್ತಿರವೂ ಇದ್ದದ್ದು ಉಬುಂಟು 16.04 ಹಾಕಿದ ಹಳೆಯ ಲ್ಯಾಪ್‌ಟಾಪ್. ನನ್ನದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು, 2 ಜಿಬಿ ರ್‍ಯಾಮ್.

ಚಿತ್ರದಲ್ಲಿರುವ ಅಕ್ಷರವನ್ನು ಓದಿ ಪಠ್ಯ ಮಾಡಿಕೊಡುವ ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಇದೆ. ಎಚ್‌ಪಿ ಕಂಪನಿಯವರು 1985ರಿಂದ 1994ರವರೆಗೆ ಕಟ್ಟಿದ್ದು, 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು, ಆಮೇಲೆ ಗೂಗಲ್ ಅದಕ್ಕೆ ಬೆಂಬಲ ಕೊಟ್ಟಿತು. ಕನ್ನಡವನ್ನೂ ಓದುತ್ತದೆ. ಉಬುಂಟು 16.04ರಲ್ಲಿ ಸಿಗುತ್ತಿದ್ದದ್ದು ಅದರ 3.04 ಆವೃತ್ತಿ. ಹಾಕಿ ನೋಡಿದೆ. ಒತ್ತಕ್ಷರ ಬಂದ ಕಡೆಯೆಲ್ಲ ಕಲಸುಮೇಲೋಗರ. ತಿಪ್ಪೇಸ್ವಾಮಿ ಎಂದು ಹುಡುಕಿದರೆ ಒಬ್ಬನೂ ಸಿಗಲಿಲ್ಲ. ನಮ್ಮ ಕಡೆಯ ಪಟ್ಟಿಯಲ್ಲಿ ತಿಪ್ಪೇಸ್ವಾಮಿ ಇಲ್ಲ ಅಂದರೆ ನಂಬುವವರು ಯಾರು?

2018ರ ಅಕ್ಟೋಬರ್‌ನಲ್ಲಿ 4.0 ಆವೃತ್ತಿ ಬಂದಿತ್ತು. ಹಳೆಯದು ಒಂದೊಂದೇ ಅಕ್ಷರ ಕತ್ತರಿಸಿ ಗುರುತಿಸಲು ಹೋಗುತ್ತಿತ್ತು. ಹೊಸದು ಇಡೀ ಸಾಲನ್ನು ಒಟ್ಟಿಗೆ ಓದಿಕೊಂಡು ಹೋಗುತ್ತದೆ. ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ ಇರುವ ನಮ್ಮ ಲಿಪಿಗೆ ಇದೇ ಸರಿ. ಆದರೆ ನನ್ನ ಉಬುಂಟುವಿನ ಭಂಡಾರದಲ್ಲಿ ಅದು ಇರಲಿಲ್ಲ. ಸೋರ್ಸ್, ಅಂದರೆ ಮೂಲ ಕೋಡ್ ಇಳಿಸಿಕೊಂಡು ನಾನೇ ಕಟ್ಟಬೇಕು ಅಂದುಕೊಂಡೆ.

ಸೋರ್ಸ್‌ನಿಂದ ಕಟ್ಟುವುದು ಅಂದರೆ ಏನು ಎಂದು ಅಪ್ಪ ಕೇಳಿದ. ಹಿಟ್ಟಿನ ಪಾಕೀಟು ತರುವ ಬದಲು ರಾಗಿ ತಂದು ಮಿಲ್ಲಿಗೆ ಹಾಕಿಸಿದ ಹಾಗೆ ಅಂದೆ. "ಹಂಗಾದ್ರೆ ಒಳ್ಳೇದೇ ಬಿಡು" ಅಂದ. ಮಿಲ್ಲಿಗೆ ಹಾಕಿಸುವುದು ಸುಲಭ, ಹಿಟ್ಟನ್ನು ಯಾವುದರಲ್ಲಿ ತುಂಬಿಡುತ್ತೇವೆ ಅನ್ನುವುದರಲ್ಲೇ ತೊಂದರೆ ಇರುವುದು ಎಂದು ನನಗೂ ಆಗ ಗೊತ್ತಿರಲಿಲ್ಲ.

ಟೆಸರಾಕ್ಟ್ 4ಕ್ಕೆ ಮೊದಲು ಲೆಪ್ಟೋನಿಕಾ ಎಂಬ ಇನ್ನೊಂದು ಲೈಬ್ರರಿ ಬೇಕು. ಚಿತ್ರ ತೆರೆಯುವುದು, ಓರೆ ತಿದ್ದುವುದು ಅದರ ಕೆಲಸ. ಉಬುಂಟುವಿನಲ್ಲಿದ್ದ ಲೆಪ್ಟೋನಿಕಾ ಹಳೆಯದು, 1.73, ಹೊಸ ಟೆಸರಾಕ್ಟ್ ಕೇಳುವುದು 1.74 ಅಥವಾ ಮೇಲಿನದು. ಹಾಗಾಗಿ ಎರಡನ್ನೂ ಕಟ್ಟಬೇಕಾಯಿತು. ಮೂರು ಆಜ್ಞೆಗಳ ಹಳೆಯ ದಾರಿ ಎಲ್ಲರೂ ಹೇಳುವಂಥದ್ದು: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಬೇಗ ಮುಗಿಯಲಿ ಎಂದು ಮೇಕ್‌ಗೆ ಒಟ್ಟಿಗೆ ನಾಲ್ಕು ಕೆಲಸ ಕೊಟ್ಟೆ. 2 ಜಿಬಿ ರ್‍ಯಾಮ್ ಅಷ್ಟು ಹೊರೆ ಹೊರಲಾರದೆ ಲ್ಯಾಪ್‌ಟಾಪ್ ಮರಗಟ್ಟಿ ಕೂತಿತು, ಮೌಸ್ ಕೂಡ ಅಲುಗಾಡಲಿಲ್ಲ. ಬಂದ್ ಮಾಡಿ ಒಂದೊಂದೇ ಕೆಲಸ ಕೊಟ್ಟೆ. ನಡುವೆ ಕರೆಂಟ್ ಹೋಯಿತು, ಹಳೆಯ ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಕೈಬಿಟ್ಟಿತು. ಮೇಕ್‌ನ ಒಂದು ಒಳ್ಳೆಯ ಗುಣ ಇದೆ, ಅರ್ಧಕ್ಕೆ ನಿಂತರೆ ಮುಗಿದದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮುಂದುವರಿಸುತ್ತದೆ. ಬೆಳಗಿನ ಜಾವಕ್ಕೆ ಮುಗಿಯಿತು. ಮೇಕ್ ಇನ್‌ಸ್ಟಾಲ್ ಒತ್ತಿದೆ. ಕನ್ನಡದ ದತ್ತಾಂಶ ಕಡತ ತಂದು ಇಟ್ಟೆ, ಮೊದಲ ಹಾಳೆ ಓದಿಸಿದೆ. ತಿಪ್ಪೇಸ್ವಾಮಿಗಳು ಸಾಲಾಗಿ ಎದ್ದು ಬಂದರು!

ಆ ಖುಷಿಯಲ್ಲಿ ಒಂದು ಕೆಲಸ ಮಾಡಿದೆ. ಡಿಸ್ಕ್‌ನಲ್ಲಿ ಜಾಗ ಇರಲಿಲ್ಲ. ಕಟ್ಟಿ ಆಯಿತಲ್ಲ ಎಂದು ಸೋರ್ಸ್ ಫೋಲ್ಡರ್ ಎರಡನ್ನೂ ಅಳಿಸಿಹಾಕಿದೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಉಬುಂಟು, ಡೆಬಿಯನ್ ಇವುಗಳಲ್ಲಿ ಡಿಪಿಕೆಜಿ ಎಂಬುದು ಸೊಸೈಟಿ ಗೋಡೌನಿನ ಸ್ಟಾಕ್ ಬುಕ್ ಇದ್ದ ಹಾಗೆ. ಯಾವ ಕಡತ ಯಾವ ಪ್ಯಾಕೇಜಿನಿಂದ ಬಂತು, ಅದಕ್ಕೆ ಇನ್ನೇನು ಬೇಕು, ತೆಗೆಯುವಾಗ ಏನೇನು ತೆಗೆಯಬೇಕು, ಎಲ್ಲ ಬರೆದಿರುತ್ತದೆ. ಮೇಕ್ ಇನ್‌ಸ್ಟಾಲ್ ಈ ಪುಸ್ತಕವನ್ನು ನೋಡುವುದೇ ಇಲ್ಲ. ಹಿಂಬಾಗಿಲಿನಿಂದ ಚೀಲ ತಂದು ಒಳಗೆ ಜೋಡಿಸಿ ಹೋಗುತ್ತದೆ. ಚೀಲ ಗೋಡೌನಿನಲ್ಲಿದೆ, ಲೆಕ್ಕದಲ್ಲಿಲ್ಲ. ಹೊರಗೆ ಹಾಕಬೇಕೆಂದರೆ ಮೇಕ್ ಅನ್‌ಇನ್‌ಸ್ಟಾಲ್ ಎಂಬ ಆಜ್ಞೆ ಹೆಚ್ಚಿನ ಸೋರ್ಸ್‌ಗಳಲ್ಲಿ ಇರುತ್ತದೆ, ಆದರೆ ಅದು ಕೆಲಸ ಮಾಡುವುದು ಕಟ್ಟಿದ ಆ ಫೋಲ್ಡರ್ ಒಳಗಿಂದ. ಆ ಫೋಲ್ಡರನ್ನೇ ನಾನು ಅಳಿಸಿದ್ದೆ.

ಇದು ತೊಂದರೆ ಎಂದು ಅವತ್ತು ಅನ್ನಿಸಲಿಲ್ಲ. ಸಂಜೆ ಹೊಸದುರ್ಗದ ಗೆಳತಿ ಫೋನ್ ಮಾಡಿ "ನಂಗೂ ಕೊಡೇ ಅದನ್ನ" ಅಂದಾಗ ಅನ್ನಿಸಿತು. ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಹತ್ತಾರು ಕಡತಗಳು ಯುಎಸ್‌ಆರ್ ಲೋಕಲ್ ಎಂಬ ಜಾಗದ ಒಳಗೆ ಮೂಲೆಮೂಲೆಗೆ ಹರಡಿದ್ದವು. ಅವಳು ಮೊದಲಿನಿಂದ ಕಟ್ಟಲಿ ಎಂದರೆ ಅವಳಿಗಿದ್ದದ್ದು ದಿನಕ್ಕೆ ಒಂದೂವರೆ ಜಿಬಿ ಡೇಟಾ, ಅದರಲ್ಲಿ ತಮ್ಮನದೂ ಪಾಲು. ನನಗೆ ಬೇಕಾದದ್ದು ಪೆನ್‌ಡ್ರೈವ್‌ನಲ್ಲಿ ಹಿಡಿಸುವ, ಇನ್ನೊಬ್ಬರ ಯಂತ್ರದಲ್ಲಿ ಒತ್ತಿದರೆ ಕೂರುವ ಡೆಬ್ ಕಡತ. ಅದನ್ನು ಯಾವ ಸಾಧನದಿಂದ ಮಾಡುವುದು?

ಮೊದಲು ಸಿಕ್ಕಿದ್ದು ಚೆಕ್‌ಇನ್‌ಸ್ಟಾಲ್. ಮೇಕ್ ಇನ್‌ಸ್ಟಾಲ್ ಬದಲು ಇದನ್ನು ಓಡಿಸಿದರೆ, ಯಾವ ಯಾವ ಕಡತ ಎಲ್ಲಿಗೆ ಹೋಯಿತು ಎಂದು ಹಿಂದೆಯೇ ನಿಂತು ನೋಡಿಕೊಂಡು ಅವನ್ನೆಲ್ಲ ಕಟ್ಟಿ ಡೆಬ್ ಮಾಡಿಕೊಡುತ್ತದೆ. ಹೆಸರು, ಆವೃತ್ತಿ ಕೇಳುತ್ತದೆ, ಎಂಟರ್ ಒತ್ತುತ್ತಾ ಹೋದರೆ ಸಾಕು. ಟೆಸರಾಕ್ಟ್ ಸೋರ್ಸ್ ಮತ್ತೆ ಇಳಿಸಿ, ಇನ್ನೊಂದು ರಾತ್ರಿ ಮೇಕ್ ಓಡಿಸಿ, ಡೆಬ್ ಮಾಡಿದೆ. ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಗೆಳತಿ ಸಿಕ್ಕಳು. ಪೆನ್‌ಡ್ರೈವ್ ಕೊಟ್ಟೆ, ಬೋಂಡ ತಿಂದೆವು, ಅವಳು ಹೊಸದುರ್ಗದ ಬಸ್ ಹತ್ತಿದಳು. ಮನೆಗೆ ಹೋಗಿ ಹಾಕಿದಳು. ಏನೂ ತಕರಾರಿಲ್ಲದೆ ಕೂತಿತು. ಓಡಿಸಿದರೆ, ಲೆಪ್ಟೋನಿಕಾದ ಲೈಬ್ರರಿ ತೆರೆಯಲಾಗುತ್ತಿಲ್ಲ, ಅಂಥ ಕಡತವೇ ಇಲ್ಲ ಎಂಬ ಸಂದೇಶ.

"ಪ್ಯಾಕೇಜ್ ಅಂದ್ರೆ ಏನ್ ಬೇಕೋ ಅದೇ ಕೇಳ್ಕಳುತ್ತೆ ಅಂದ್ಕೊಂಡಿದ್ದೆ ಕಣೇ" ಅಂದಳು. ನಾನೂ ಹಾಗೇ ಅಂದುಕೊಂಡಿದ್ದೆ. ಈ ಪ್ಯಾಕೇಜಿಗೆ ಇನ್ನೇನು ಬೇಕು ಎಂಬುದನ್ನು ಚೆಕ್‌ಇನ್‌ಸ್ಟಾಲ್ ತಾನಾಗಿ ಕಂಡುಹಿಡಿದು ಬರೆಯುವುದಿಲ್ಲ. ಬರೆಯಲು ಒಂದು ಆಯ್ಕೆ ಇದೆ, ಆದರೆ ಪಟ್ಟಿ ನಮಗೇ ಗೊತ್ತಿರಬೇಕು. ನನ್ನ ಯಂತ್ರದಲ್ಲಿ ಲೆಪ್ಟೋನಿಕಾ ಹಿಂಬಾಗಿಲಿನಿಂದ ಬಂದು ಕೂತಿದ್ದರಿಂದ ನನಗೆ ಕೊರತೆ ಕಾಣಿಸಲಿಲ್ಲ. ನಮ್ಮದೇ ಒಂದು ಯಂತ್ರವನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಲು ಚೆಕ್‌ಇನ್‌ಸ್ಟಾಲ್ ಒಳ್ಳೆಯದು, ಈಗಲೂ ಹಾಗೆ ಹೇಳುತ್ತೇನೆ. ಇನ್ನೊಬ್ಬರಿಗೆ ಕಟ್ಟಿಕೊಡುವುದಕ್ಕೆ ಅಲ್ಲ. ಹತ್ತು ದಿನದಲ್ಲಿ ಐದು ಹೋಗಿತ್ತು.

ಬೇರೆ ದಾರಿಗಳನ್ನೂ ನೋಡಿದೆ. ಎಫ್‌ಪಿಎಂ ಎಂಬುದೊಂದಿದೆ, ಒಂದು ಫೋಲ್ಡರ್ ಕೊಟ್ಟರೆ ಡೆಬ್ ಮಾಡುತ್ತದೆ, ಆದರೆ ಬೇಕಾದದ್ದರ ಪಟ್ಟಿ ಅಲ್ಲೂ ನಾವೇ ಕೊಡಬೇಕು. ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್ ಇವು ಬೇಕಾದದ್ದನ್ನೆಲ್ಲ ಹೊತ್ತುಕೊಂಡೇ ಬರುತ್ತವೆ. ನಮ್ಮ ಡೇಟಾಕ್ಕೆ ಅಷ್ಟು ದೊಡ್ಡ ಗಂಟು ಆಗದು.

ಉಳಿದದ್ದು ಡೆಬಿಯನ್ನಿನವರೇ ಬಳಸುವ ದಾರಿ. ಡೆಬಿಯನ್ನಿನ ಮುಂದಿನ ಆವೃತ್ತಿಗಾಗಿ ಟೆಸರಾಕ್ಟ್ 4.0 ಆಗಲೇ ಸಿದ್ಧವಾಗಿತ್ತು. ಅಲ್ಲಿ ಸೋರ್ಸ್ ಜೊತೆಗೆ ಡೆಬಿಯನ್ ಎಂಬ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಕಟ್ಟಲು ಏನು ಬೇಕು, ಓಡಲು ಏನು ಬೇಕು, ಯಾವ ಕಡತ ಯಾವ ಪ್ಯಾಕೇಜಿಗೆ, ಎಲ್ಲವನ್ನೂ ಯಾರೋ ಕೂತು ಬರೆದಿರುತ್ತಾರೆ. ಆ ಸೋರ್ಸನ್ನು ನನ್ನ ಹಳೆಯ ಉಬುಂಟುವಿನಲ್ಲಿ ಕಟ್ಟಿಸಿದರೆ ಆಯಿತು. ಇದಕ್ಕೆ ಬ್ಯಾಕ್‌ಪೋರ್ಟ್ ಅನ್ನುತ್ತಾರೆ, ಸಾಧನದ ಹೆಸರು ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್.

ಟೆಸರಾಕ್ಟ್‌ನ ಆ ಫೋಲ್ಡರ್ ತೆರೆದಾಗ ತಲೆಬುಡ ಹತ್ತಲಿಲ್ಲ. ಚಿಕ್ಕದರಿಂದ ಕಲಿಯೋಣ ಎಂದು ಫಾಂಟ್ಸ್-ನವಿಲು ಪ್ಯಾಕೇಜಿನ ಸೋರ್ಸ್ ಇಳಿಸಿದೆ. ಲಿನಕ್ಸ್‌ನಲ್ಲಿ ಕನ್ನಡ ಓದುವವರು ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳನ್ನು ನೋಡಿರುತ್ತೀರಿ. ಅರವಿಂದ ವಿ.ಕೆ. ಅವರು ಮಾಡಿದ್ದು. ನವಿಲು ಕೈಬರಹದ ಹಾಗಿದೆ. ಎರಡೂ ಡೆಬಿಯನ್ನಿನಲ್ಲಿ ಪ್ಯಾಕೇಜ್ ಆಗಿ ಸೇರಿ, ಅಲ್ಲಿಂದ ಉಬುಂಟುವಿಗೂ ಬಂದಿವೆ. ಅದರ ಕಂಟ್ರೋಲ್ ಕಡತ, ರೂಲ್ಸ್ ಕಡತ, ಚೇಂಜ್‌ಲಾಗ್ ಎಲ್ಲ ಒಂದೇ ಸಂಜೆಯಲ್ಲಿ ಓದಿ ಮುಗಿಸುವಷ್ಟು ಚಿಕ್ಕವು. ನನ್ನ ಪರದೆಯಲ್ಲಿ ಕನ್ನಡ ಸುಮ್ಮನೆ ಕಾಣಿಸುತ್ತಿರಲಿಲ್ಲ, ಯಾರೋ ಹೀಗೆ ಕೂತು ಕಟ್ಟಿ ಚೀಟಿ ಅಂಟಿಸಿ ಕಳಿಸಿದ್ದರಿಂದ ಕಾಣುತ್ತಿತ್ತು ಎಂದು ಅವತ್ತು ಗೊತ್ತಾಯಿತು.

ಲೆಪ್ಟೋನಿಕಾ ಕಟ್ಟಲು ಹೊರಟೆ. ಡೆಬ್‌ಹೆಲ್ಪರ್ ಎಂಬ ಸಹಾಯಕ ಸಾಧನದ ಹೊಸ ಆವೃತ್ತಿ ಬೇಕು ಎಂದಿತು, ನನ್ನಲ್ಲಿದ್ದದ್ದು ಹಳೆಯದು. ಕಂಟ್ರೋಲ್ ಕಡತದಲ್ಲಿ ಸಂಖ್ಯೆ ಇಳಿಸಿ, ಅದಕ್ಕೆ ತಕ್ಕಂತೆ ಇನ್ನೆರಡು ಕಡೆ ತಿದ್ದಿದೆ. ಆವೃತ್ತಿಯ ಸಂಖ್ಯೆಯ ಕೊನೆಗೆ ಅಲೆಯಂತಿರುವ ಟಿಲ್ಡೆ ಚಿಹ್ನೆ ಹಾಕಿ ನಮ್ಮೂರ ಹೆಸರಿನ ತುಂಡು ಸೇರಿಸಿದೆ. ಟಿಲ್ಡೆ ಹಾಕಿದರೆ ಡಿಪಿಕೆಜಿ ಅದನ್ನು ಅಸಲಿಗಿಂತ ಒಂದು ಮೆಟ್ಟಿಲು ಕೆಳಗೆ ಇಡುತ್ತದೆ, ನಾಳೆ ಉಬುಂಟುವಿನಿಂದಲೇ ಅಸಲಿ ಬಂದರೆ ನಮ್ಮದು ತಾನಾಗಿ ಜಾಗ ಬಿಡುತ್ತದೆ. ಲೆಪ್ಟೋನಿಕಾ ಡೆಬ್ ಆಯಿತು, ಹಾಕಿಕೊಂಡೆ. ಟೆಸರಾಕ್ಟ್ ರಾತ್ರಿಯೆಲ್ಲ ಓಡಿ, ಬೆಳಿಗ್ಗೆ ಕೊನೆಯ ಹೆಜ್ಜೆಯಲ್ಲಿ ನಿಂತಿತು.

ಆ ಕೊನೆಯ ಹೆಜ್ಜೆಯೇ ಈ ದಾರಿಯ ಜೀವ. ಶ್‌ಲಿಬ್‌ಡೆಪ್ಸ್ ಎಂಬುದು ಕಟ್ಟಿದ ಪ್ರೋಗ್ರಾಮನ್ನು ಬಿಚ್ಚಿ ನೋಡಿ, ಅದು ಯಾವ ಲೈಬ್ರರಿಗಳನ್ನು ಹಿಡಿದಿದೆ, ಅವು ಯಾವ ಪ್ಯಾಕೇಜಿನವು ಎಂದು ಸ್ಟಾಕ್ ಬುಕ್ಕಿನಲ್ಲಿ ಹುಡುಕಿ ಬರೆಯುತ್ತದೆ. ಚೆಕ್‌ಇನ್‌ಸ್ಟಾಲ್ ಮಾಡದೇ ಬಿಟ್ಟ ಕೆಲಸ ಇದೇ. ಅದು ಹೇಳಿದ್ದು: ಯುಎಸ್‌ಆರ್ ಲೋಕಲ್‌ನಲ್ಲಿರುವ ಲೆಪ್ಟೋನಿಕಾ ಲೈಬ್ರರಿಗೆ ಯಾವ ಮಾಹಿತಿಯೂ ಇಲ್ಲ. ಮೊದಲ ರಾತ್ರಿ ಹಿಂಬಾಗಿಲಿನಿಂದ ತಂದಿಟ್ಟ ಚೀಲ! ಹೊಸ ಲೆಪ್ಟೋನಿಕಾ ಮುಂಬಾಗಿಲಿನಿಂದ ಬಂದು ಕೂತಿದ್ದರೂ ಟೆಸರಾಕ್ಟ್ ಹಳೆಯ ಕಳ್ಳಮಾಲನ್ನೇ ಹಿಡಿದುಕೊಂಡಿತ್ತು.

ತೆಗೆಯೋಣವೆಂದರೆ ಫೋಲ್ಡರ್ ಅಳಿಸಿದ್ದೆ. ಒಂದೊಂದೇ ಕಡತವನ್ನು ಊಹೆಯ ಮೇಲೆ ಅಳಿಸಲು ಧೈರ್ಯ ಬರಲಿಲ್ಲ. ಸುಮ್ಮನೆ ಕೂತು ಯೋಚಿಸಿದಾಗ ದಾರಿ ಹೊಳೆಯಿತು: ಅದೇ ಆವೃತ್ತಿಯ ಸೋರ್ಸನ್ನು ಮತ್ತೆ ಇಳಿಸಿ, ಮೊದಲಿನ ಹಾಗೇ ಕಾನ್ಫಿಗರ್ ಮಾಡಿ, ಕಟ್ಟಿ, ಮತ್ತೊಮ್ಮೆ ಅದೇ ಜಾಗಕ್ಕೆ ಇನ್‌ಸ್ಟಾಲ್ ಮಾಡಿ, ತಕ್ಷಣ ಅನ್‌ಇನ್‌ಸ್ಟಾಲ್ ಒತ್ತುವುದು. ಕಸ ಗುಡಿಸಲು ಅದೇ ಕಸವನ್ನು ಮತ್ತೊಮ್ಮೆ ಹರಡಿದ ಹಾಗೆ. ನಗಬೇಡಿ, ಕೆಲಸ ಆಯಿತು. ಇನ್ನೊಂದು ದಿನವೂ ಹೋಯಿತು.

ಏಳನೇ ದಿನದ ರಾತ್ರಿ ಐದಾರು ಡೆಬ್ ಕಡತ ತಯಾರಾದವು: ಲೆಪ್ಟೋನಿಕಾ, ಟೆಸರಾಕ್ಟ್‌ನ ಲೈಬ್ರರಿ, ಟೆಸರಾಕ್ಟ್, ಜೊತೆಗೆ ಡೆಬಿಯನ್ನಿನಿಂದ ಹಾಗೇ ಇಳಿಸಿದ ಕನ್ನಡದ ಹಾಗೂ ಇಂಗ್ಲಿಷಿನ ದತ್ತಾಂಶ. ಭಾಷೆಯ ದತ್ತಾಂಶ ಎಲ್ಲ ಯಂತ್ರಕ್ಕೂ ಒಂದೇ ಆದ್ದರಿಂದ ಕಟ್ಟುವ ಗೊಡವೆ ಇಲ್ಲ. ಮತ್ತೆ ಹಿರಿಯೂರು, ಮತ್ತೆ ಪೆನ್‌ಡ್ರೈವ್. ಈ ಸಲ ಹೊಸದುರ್ಗದಿಂದ ಫೋನ್ ಬಂದಾಗ ಅವಳು ಮಾತಾಡಲಿಲ್ಲ, ಪರದೆಯಲ್ಲಿದ್ದ ಹೆಸರುಗಳನ್ನು ಜೋರಾಗಿ ಓದುತ್ತಾ ಹೋದಳು.

ಹೊಳಲ್ಕೆರೆಯ ಗೆಳೆಯನದು ಬೇರೆ ಕತೆ. ಅವನ ಲ್ಯಾಪ್‌ಟಾಪ್ 32 ಬಿಟ್, ನನ್ನ ಡೆಬ್ 64 ಬಿಟ್. ಪ್ಯಾಕೇಜೂ ಯಂತ್ರವೂ ಹೊಂದುವುದಿಲ್ಲ ಎಂದು ಬಾಗಿಲಲ್ಲೇ ತಡೆಯಿತು. ಅವನಿಗಾಗಿ ಪಿಬಿಲ್ಡರ್ ಕಲಿತೆ. ಅದು ಒಂದು ಖಾಲಿ ಪುಟ್ಟ ಉಬುಂಟುವನ್ನು ಕಟ್ಟು ಮಾಡಿ ಇಟ್ಟುಕೊಂಡಿರುತ್ತದೆ. ಪ್ರತಿಸಲ ಅದನ್ನು ಬಿಚ್ಚಿ, ಕಂಟ್ರೋಲ್ ಕಡತದಲ್ಲಿ ಬರೆದದ್ದನ್ನು ಮಾತ್ರ ಒಳಗೆ ತಂದು, ಪ್ಯಾಕೇಜ್ ಕಟ್ಟಿ, ಕೋಣೆಯನ್ನೇ ಅಳಿಸಿಹಾಕುತ್ತದೆ. ನನ್ನ ಯಂತ್ರದ ಕಸ ಅಲ್ಲಿಗೆ ಹೋಗುವುದೇ ಇಲ್ಲ. 64 ಬಿಟ್ ಯಂತ್ರದಲ್ಲಿ ಕೂತು 32 ಬಿಟ್‌ನ ಕೋಣೆಯನ್ನೂ ಮಾಡಬಹುದು. ಹೊಸ ಲೆಪ್ಟೋನಿಕಾ ಇಲ್ಲಿದೆ ನೋಡು ಎಂದು ಆ ಕೋಣೆಗೆ ತೋರಿಸುವುದರಲ್ಲಿ ನನಗೆ ಒಂದು ಇಡೀ ಸಂಜೆ ಹೋಯಿತು, ಅದೊಂದು ತಲೆನೋವು. ಆದರೂ ಮೊದಲೇ ಇದನ್ನು ಹಿಡಿದಿದ್ದರೆ ಶ್‌ಲಿಬ್‌ಡೆಪ್ಸ್ ಮುಂದೆ ಮರ್ಯಾದೆ ಹೋಗುತ್ತಿರಲಿಲ್ಲ. ಅವನ ಡೆಬ್ ಒಂಬತ್ತನೇ ದಿನ ತಲುಪಿತು. ಅಷ್ಟರಲ್ಲಿ ಅವನು ತನ್ನ ಪಟ್ಟಿಯ ಅರ್ಧವನ್ನು ಕಣ್ಣಲ್ಲೇ ಓದಿ ಮುಗಿಸಿದ್ದ, ಪಾಪ.

ಇಷ್ಟೆಲ್ಲ ಆದ ಮೇಲೆ ಗೊತ್ತಾದ ಸುದ್ದಿ ಇದು. ಯಾರೋ ಪುಣ್ಯಾತ್ಮರು ಟೆಸರಾಕ್ಟ್ 4ನ್ನು ಉಬುಂಟು 16.04ಕ್ಕೇ ಕಟ್ಟಿ ಪಿಪಿಎಯಲ್ಲಿ ಇಟ್ಟಿದ್ದರು. ಪಿಪಿಎ ಅಂದರೆ ಯಾರು ಬೇಕಾದರೂ ಉಬುಂಟುವಿಗೆ ಪ್ಯಾಕೇಜ್ ಕಟ್ಟಿ ಹಂಚುವ ಜಾಗ. ಎರಡು ಆಜ್ಞೆಯಲ್ಲಿ ಮುಗಿಯುತ್ತಿತ್ತು. ಗೆಳತಿಗೆ ಹೇಳಿದರೆ ಬಸ್ ಚಾರ್ಜ್ ವಾಪಸ್ ಕೊಡು ಅಂದಳು.

ಅದಕ್ಕೇ ಈಗ ಯಾರಾದರೂ ಕೇಳಿದರೆ ಮೊದಲು ಹುಡುಕಿ ನೋಡಿ ಎನ್ನುತ್ತೇನೆ: ಭಂಡಾರದಲ್ಲಿದೆಯೇ, ಬ್ಯಾಕ್‌ಪೋರ್ಟ್‌ನಲ್ಲಿದೆಯೇ, ನಂಬುವಂಥವರ ಪಿಪಿಎ ಇದೆಯೇ? ಇಲ್ಲವೆಂದರೆ, ಕಟ್ಟುತ್ತಿರುವುದು ನಿಮಗೊಬ್ಬರಿಗೇ ಆದರೆ, ಗ್ನೂ ಸ್ಟೋ ಇದೆ. ಒಂದೊಂದು ಸಾಫ್ಟ್‌ವೇರನ್ನೂ ಅದರದೇ ಫೋಲ್ಡರಿನಲ್ಲಿ ಇಟ್ಟು, ಹೊರಗೆ ಕೊಂಡಿಗಳನ್ನು ಮಾತ್ರ ಹಾಕುತ್ತದೆ, ಬೇಡವಾದಾಗ ಕೊಂಡಿ ತೆಗೆದರೆ ಆಯಿತು. ಚೆಕ್‌ಇನ್‌ಸ್ಟಾಲ್ ಕೂಡ ಆದೀತು. ಇನ್ನೊಬ್ಬರ ಕೈಗೆ ಹೋಗುವುದಾದರೆ ಡೆಬಿಯನ್ ಸೋರ್ಸ್ ಮತ್ತು ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್, ಸಾಧ್ಯವಾದರೆ ಪಿಬಿಲ್ಡರ್ ಒಳಗೆ. ಬರಿಯ ಮೇಕ್ ಇನ್‌ಸ್ಟಾಲ್ ಒತ್ತಲೇಬೇಕಾದರೆ ಸೋರ್ಸ್ ಫೋಲ್ಡರ್ ಅಳಿಸಬೇಡಿ. ಜಾಗ ಇಲ್ಲದಿದ್ದರೆ ಸಿನಿಮಾ ಅಳಿಸಿ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಎಂಟನೇ ದಿನ ನಮ್ಮ ಪಟ್ಟಿಯ ಎಲ್ಲ ಹಾಳೆ ಓದಿಸಿ ಒಂದೇ ಪಠ್ಯ ಕಡತ ಮಾಡಿದೆ. ತಪ್ಪುಗಳಿದ್ದವು, ಸೊಟ್ಟ ಹಾಳೆಗಳಲ್ಲಿ ಜಾಸ್ತಿ. ಅಜ್ಜಿಯ ಹೆಸರು ಸಿಗಲಿಲ್ಲ. ಹೆಸರು ತಪ್ಪಾಗಿ ಓದಿರಬಹುದು ಎಂದು ಸರ್ವೆ ನಂಬರ್ ಹಾಕಿ ಹುಡುಕಿದೆ. ಸಿಕ್ಕಿತು. ಹೊಲ ಅವರದೇ, ಮುಂದಿದ್ದ ಹೆಸರು ಅವರ ಯಜಮಾನರದ್ದು. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಪೌತಿ ಖಾತೆ ಮಾಡಿಸಿರಲಿಲ್ಲ, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇತ್ತು. ಸತ್ತವರ ಹೆಸರಿಗೆ ಮಂಜೂರಾದ ದುಡ್ಡು ಯಾರ ಖಾತೆಗೆ ಹೋಗಬೇಕು?

"ಐತೇನವ್ವ?" ಅಂತ ಮತ್ತೆ ಕೇಳಿದರು.

"ಐತೆ ಅಜ್ಜಿ, ತಾತನ ಹೆಸ್ರಲ್ಲಿ ಐತೆ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ತೋರಿಸು ಅಂದರು. ಓದಲು ಬಾರದ ಅಜ್ಜಿ ಪರದೆಯ ಮೇಲೆ ಆ ಸಾಲನ್ನು ಬೆರಳಿಟ್ಟು ಮುಟ್ಟಿದರು. ಮಾರನೆಯ ದಿನ ಹಿರಿಯೂರಿಗೆ ಹೋಗಿ ಆಕ್ಷೇಪಣೆ ಅರ್ಜಿ ಕೊಟ್ಟೆವು, ಪೌತಿ ಖಾತೆಗೂ ಒಂದು ಅರ್ಜಿ. ಹಿಂಬರಹದ ಚೀಟಿಯನ್ನು ಅಜ್ಜಿ ಎಲೆ ಅಡಿಕೆ ಚೀಲದೊಳಗೆ ಇಟ್ಟುಕೊಂಡರು.